ಹೊಟ್ಟೆ ಉಬ್ಬರ: ಉಂಡು ಎಷ್ಟು ಹೊತ್ತಿಗೆ?

ಪ್ರ: ಮಳೆಗಾಲದಲ್ಲಿ ನಮ್ಮ ಮನೆಯಲ್ಲಿ ವಾರಕ್ಕೆ ಎರಡು ಸಲವಾದರೂ ಹುರುಳಿಕಟ್ಟಿನ ಸಾರು. ಮಧ್ಯಾಹ್ನ ಉಂಡರೆ ಸಂಜೆ ಐದರ ಹೊತ್ತಿಗೆ ಹೊಟ್ಟೆ ಬಿಗಿದು ಗುಡುಗುಡು ಶುರು. ಕಾಳು ಬಿಟ್ಟು ಬರೀ ಸಾರು ಉಂಡರೂ ಇದೇ ಪಾಡು. ಬೇಯಿಸುವಾಗ ಚಿಟಿಕೆ ಸೋಡಾ ಹಾಕಬಹುದೇ?
– ಗೃಹಿಣಿ, ತೀರ್ಥಹಳ್ಳಿ

ಉ: ಉಂಡು ಮೂರ್ನಾಲ್ಕು ಗಂಟೆಯಾದ ಮೇಲೆ ಉಬ್ಬಿದರೆ ವಾಯು ಹುಟ್ಟುತ್ತಿರುವುದು ಹೆಚ್ಚಾಗಿ ಜಠರದಲ್ಲಲ್ಲ, ದೊಡ್ಡ ಕರುಳಿನಲ್ಲಿ. ಹುರುಳಿ, ಅವರೆ, ಅಲಸಂದೆಯಲ್ಲಿ ರಾಫಿನೋಸ್, ಸ್ಟ್ಯಾಕಿಯೋಸ್ ಎಂಬ ಸಕ್ಕರೆಗಳಿವೆ. ಇವನ್ನು ಒಡೆಯುವ ಕಿಣ್ವ ನಮ್ಮ ಸಣ್ಣ ಕರುಳಿನಲ್ಲಿ ಇಲ್ಲ. ಹಾಗೇ ಕೆಳಗಿಳಿದ ಸಕ್ಕರೆಯನ್ನು ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಹುದುಗಿಸುತ್ತವೆ. ಹೈಡ್ರೋಜನ್, ಇಂಗಾಲದ ಡೈಆಕ್ಸೈಡ್, ಕೆಲವರಲ್ಲಿ ಮೀಥೇನ್ ಹೊರಬರುತ್ತವೆ. ಇದು ಕಾಯಿಲೆಯಲ್ಲ.

ಬರೀ ಸಾರು ಉಂಡರೂ ಎಂದಿದ್ದೀರಲ್ಲ, ಗುಟ್ಟು ಅಲ್ಲೇ ಇದೆ. ಈ ಸಕ್ಕರೆಗಳು ನೀರಿನಲ್ಲಿ ಕರಗುವಂಥವು. ಕಾಳು ಬೆಂದಂತೆ ಕಟ್ಟಿಗೆ ಇಳಿಯುತ್ತವೆ. ಕಟ್ಟನ್ನು ಕುದಿಸಿ ಕುದಿಸಿ ಗಟ್ಟಿ ಮಾಡಿದಷ್ಟೂ ಒಂದು ಸೌಟಿಗೆ ಅವುಗಳ ಪಾಲು ಏರುತ್ತದೆ. ಸಾರು ಹಗುರ, ಕಾಳು ಭಾರ ಎಂಬ ಲೆಕ್ಕ ಇಲ್ಲಿ ನಡೆಯದು.

ಒಂದು ಲೋಟ ಹುರುಳಿಗೆ ನಾಲ್ಕು ಲೋಟ ನೀರು ಹಾಕಿ 10–12 ಗಂಟೆ ನೆನೆಸಿ. ಆಷಾಢದ ಥಂಡಿಯಲ್ಲಿ ತಣ್ಣೀರಿನಲ್ಲಿ ಕಾಳು ನೆನೆಯುವುದೇ ನಿಧಾನ, ಉಗುರುಬೆಚ್ಚಗಿನ ನೀರು ಹಾಕಿ. ಬೆಳಿಗ್ಗೆ ಆ ನೀರನ್ನು ಚೆಲ್ಲಿ, ಎರಡು ಸಲ ತೊಳೆದು, ಹೊಸ ನೀರಿನಲ್ಲಿ ಬೇಯಿಸಿ. ಸತ್ವ ಹೋದೀತೆಂದು ನೆನೆಸಿದ ನೀರಿನಲ್ಲೇ ಬೇಯಿಸುವವರಿದ್ದಾರೆ; ವಾಯುವಿನ ಸರಕನ್ನು ಒಲೆಗೆ ವಾಪಸ್ ಏರಿಸಿದಂತಾಯಿತು, ಅಷ್ಟೆ. ಮೊಳಕೆ ಬರಿಸಿದರೆ ಇನ್ನೂ ಒಳ್ಳೆಯದು. ಮೊಳೆಯುವ ಕಾಳು ಆ ಸಕ್ಕರೆಯನ್ನು ತಾನೇ ಉಂಡುಬಿಡುತ್ತದೆ.

ಸೋಡಾ ಬೇಡ. ಕಾಳು ಬೇಗ ಮೆತ್ತಗಾಗುತ್ತದೆ ನಿಜ, ಆದರೆ ಬಿ1 ಜೀವಸತ್ವ ಹಾಳಾಗುತ್ತದೆ. ಒಗ್ಗರಣೆಗೆ ಬೆಳ್ಳುಳ್ಳಿ ಧಾರಾಳ ಬಿದ್ದರೆ ವಾಯು ಅಡಗುತ್ತದೆ ಎಂಬ ಮಾತೂ ಇದೆ. ಬೆಳ್ಳುಳ್ಳಿಯಲ್ಲಿ ಹೀಗೇ ಹುದುಗುವ ಫ್ರಕ್ಟಾನ್ ಎಂಬ ಪದಾರ್ಥ ಇರುವುದರಿಂದ ಕೆಲವರಿಗೆ ಅದೇ ಉಬ್ಬರ ತರುತ್ತದೆ. ಕೆಲ ದಿನ ಇಂಗಿನ ಒಗ್ಗರಣೆಯಲ್ಲೇ ಮಾಡಿ ನೋಡಿ. ಊಟಕ್ಕೆ ಒಂದೇ ಸೌಟು ಸಾರಿನಿಂದ ಶುರುಮಾಡಿ, ಮೂರ್ನಾಲ್ಕು ವಾರದಲ್ಲಿ ನಿಧಾನಕ್ಕೆ ಹೆಚ್ಚಿಸಿ. ಕರುಳಿಗೂ ರೂಢಿ ಬೇಕು.

ಪ್ರ: ಊಟ ಮುಗಿಸಿ ಎಲೆಅಡಿಕೆ ಹಾಕುವ ಹೊತ್ತಿಗೇ ತೇಗು ಸಾಲಾಗಿ ಬರುತ್ತದೆ. ದಿನಾ ಹಣ್ಣಿನ ಉಪ್ಪು ಕುಡಿಯುತ್ತೇನೆ, ಆಗ ದೊಡ್ಡ ತೇಗು ಬಂದು ಹಗುರಾಗುತ್ತದೆ. ಬಿಪಿ ಮಾತ್ರೆಯೂ ಇದೆ. ಮುಂದುವರಿಸಬಹುದೇ?
– ಅಡಿಕೆ ಬೆಳೆಗಾರ, ಸಾಗರ

ಉ: ಇಷ್ಟು ಬೇಗ ಬರುವ ತೇಗು ಬಹುಪಾಲು ನೀವೇ ನುಂಗಿದ ಗಾಳಿ. ಗಬಗಬ ಉಣ್ಣುವುದು, ಬಿಸಿ ಚಹಾವನ್ನು ಸೊರ್ರೆಂದು ಹೀರುವುದು, ಕವಳ ಅಗಿಯುತ್ತಾ ಪದೇಪದೇ ಉಗುಳು ನುಂಗುವುದು, ಇವೆಲ್ಲದರ ಜೊತೆ ಗಾಳಿಯೂ ಒಳಗೆ ಹೋಗುತ್ತದೆ. ಹಣ್ಣಿನ ಉಪ್ಪು ಕುಡಿದ ಮೇಲಿನ ದೊಡ್ಡ ತೇಗು ಆ ಉಪ್ಪಿನಲ್ಲಿರುವ ಸೋಡಾ ಆಮ್ಲದೊಂದಿಗೆ ಸೇರಿ ಹುಟ್ಟಿಸಿದ ಗಾಳಿ. ಹೊಟ್ಟೆಯೊಳಗೆ ಮೊದಲೇ ಅಷ್ಟಿತ್ತು ಎಂದುಕೊಳ್ಳಬೇಡಿ. ಅದರಲ್ಲಿ ಸೋಡಿಯಂ ಹೇರಳ, ಬಿಪಿ ಇರುವವರಿಗೆ ದಿನನಿತ್ಯ ತಕ್ಕದ್ದಲ್ಲ.

ಊಟಕ್ಕೆ 20 ನಿಮಿಷ ಕೊಡಿ, ಎರಡು ವಾರ ಕವಳ ಬಿಟ್ಟು ನೋಡಿ. ತೇಗು ಶುರುವಾದಾಗ ಹೊಟ್ಟೆಯ ಮೇಲೆ ಕೈಯಿಟ್ಟು, ಕೈ ಮೇಲೇಳುವಂತೆ ನಾಲ್ಕು ಎಣಿಸುತ್ತಾ ಮೂಗಿನಿಂದ ಉಸಿರೆಳೆದು, ಆರು ಎಣಿಸುತ್ತಾ ಬಿಡಿ. ಐದು ನಿಮಿಷ ಹೀಗೆ ಮಾಡಿ. ತೇಗು ಬರಲಿ ಎಂದು ಗಂಟಲು ಒತ್ತುವ ಅಭ್ಯಾಸವಿದ್ದರೆ ಬಿಡಿ, ಹಾಗೆ ಮಾಡಿದಷ್ಟೂ ಇನ್ನಷ್ಟು ಗಾಳಿ ಒಳಹೋಗುತ್ತದೆ.

ಕೇಳದಿದ್ದರೂ ಒಂದು ಮಾತು. ತೋಟದ ಏರು ಹತ್ತುವಾಗ ಎದೆ ಹಿಡಿದಂತಾಗಿ, ಕೂತರೆ ಇಳಿಯುತ್ತಿದ್ದರೆ ಗ್ಯಾಸ್ಟ್ರಿಕ್ ಎಂದು ಸುಮ್ಮನಿರಬೇಡಿ, ತಡಮಾಡದೆ ಹೃದಯದ ತಪಾಸಣೆ ಮಾಡಿಸಿ. ಕೂತರೂ ಇಳಿಯದಿದ್ದರೆ, ಬೆವರು, ದವಡೆ ಅಥವಾ ತೋಳಿನ ನೋವು ಜೊತೆಗಿದ್ದರೆ, ಆ ಕ್ಷಣವೇ ಇಸಿಜಿ ಇರುವ ಆಸ್ಪತ್ರೆಗೆ ಹೊರಡಿ.

ಪ್ರ: ಮೂರು ವಾರದಿಂದ ಕೊಳೆತ ಮೊಟ್ಟೆಯ ವಾಸನೆಯ ತೇಗು, ಹೊಟ್ಟೆಯುಬ್ಬರ, ಜಿಡ್ಡು ಜಿಡ್ಡಾದ ಭೇದಿ. ಮನೆಗೆ ಗುಡ್ಡದ ಅಬ್ಬಿ ನೀರು, ಪೈಪಿನಲ್ಲಿ ನೇರ ಬರುತ್ತದೆ.
– ಓದುಗ, ಕೊಪ್ಪ

ಉ: ಈ ಲಕ್ಷಣಗಳಿಗೆ ಜೀರಿಗೆ, ಓಮ ಸಾಲದು. ಜಿಯಾರ್ಡಿಯಾ ಎಂಬ ಪರೋಪಜೀವಿಯ ಅನುಮಾನ ಬರುತ್ತದೆ. ಮಳೆಗೆ ದನದ, ಮನುಷ್ಯರ ಹೊಲಸು ಕೊಚ್ಚಿಕೊಂಡು ಅಬ್ಬಿಗೆ ಸೇರಿದರೆ ನೀರು ಕನ್ನಡಿಯಂತೆ ಕಂಡರೂ ಅದರಲ್ಲಿ ಈ ಪರೋಪಜೀವಿಯ ಕೋಶಗಳು (ಸಿಸ್ಟ್) ಇರಬಹುದು. ಮಲಪರೀಕ್ಷೆ ಮಾಡಿಸಿ, ಒಂದು ಸಲ ಸಿಗದಿದ್ದರೆ ಬೇರೆ ಬೇರೆ ದಿನ, ಒಟ್ಟು ಮೂರು ಸಲ ಕೊಡಬೇಕಾಗಬಹುದು. ಸಿಕ್ಕರೆ ಮಾತ್ರೆಯಿಂದ ವಾಸಿಯಾಗುತ್ತದೆ. ಕುಡಿಯುವ ನೀರು ಮಳ್ಳಿ ಮಳ್ಳಿ ಕುದಿದ ಮೇಲೆ ಒಂದು ನಿಮಿಷ ಒಲೆಯ ಮೇಲಿರಲಿ. ಬಟ್ಟೆಯಲ್ಲಿ ಸೋಸಿದರೆ ಕಸ ನಿಲ್ಲುತ್ತದೆ, ಈ ಕೋಶಗಳು ನಿಲ್ಲವು.

ಪ್ರ: ವಯಸ್ಸು 58. ತಿಂಗಳಿಂದ ದಿನವೂ ಹೊಟ್ಟೆ ಬಿಗಿತ, ಸ್ವಲ್ಪ ಉಂಡರೂ ಸಾಕೆನಿಸುತ್ತದೆ. ಲಂಗದ ಲಾಡಿ ಸಡಿಲ ಮಾಡಿಕೊಳ್ಳುವಂತಾಗಿದೆ. ಯಾವ ಕಷಾಯ ಒಳ್ಳೆಯದು?
– ಓದುಗಿ, ಶಿವಮೊಗ್ಗ

ಉ: ಕಷಾಯದ ಮಾತು ಆಮೇಲೆ. ಉಂಡ ಮೇಲೆ ಬಂದು ಇಳಿಯುವ ಉಬ್ಬರ ಬೇರೆ, ಬೆಳಿಗ್ಗೆ ಬರಿಹೊಟ್ಟೆಯಲ್ಲೂ ಇರುವ ಬಿಗಿತ ಬೇರೆ. ಐವತ್ತು ದಾಟಿದ ಹೆಂಗಸರಲ್ಲಿ ಹೊಸದಾಗಿ ಬಂದು ವಾರಗಟ್ಟಲೆ ನಿಂತರೆ ಅಂಡಾಶಯವನ್ನು ನೋಡಲೇಬೇಕು. ಕ್ಯಾನ್ಸರ್ ಇದ್ದರೂ ಮೊದಲಿಗೆ ಹೀಗೆಯೇ ತೋರುವುದುಂಟು. ಈ ವಾರವೇ ಸ್ತ್ರೀರೋಗ ತಜ್ಞರನ್ನು ಕಂಡು, ಹೊಟ್ಟೆ ಮತ್ತು ಕಿಬ್ಬೊಟ್ಟೆಯ ಸ್ಕ್ಯಾನಿಂಗ್, ಅಂಡಾಶಯದ ಕ್ಯಾನ್ಸರ್‌ನ ಸುಳಿವಿಗಾಗಿ ಮಾಡುವ ಸಿಎ-125 ರಕ್ತಪರೀಕ್ಷೆ ಬೇಕೇ ಎಂದು ಕೇಳಿ. ಬಿಗಿತ ಯಾವಾಗ ಶುರುವಾಯಿತು, ತೂಕ ಇಳಿದಿದೆಯೇ, ಮೂತ್ರಕ್ಕೆ ಪದೇಪದೇ ಹೋಗಬೇಕಾಗಿದೆಯೇ ಎಂಬುದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ.