ಲಸಿಕೆ ಹಾಕಿಸಿಕೊಂಡವರಿಂದ ನಾಯಿಕೆಮ್ಮು ಹರಡುತ್ತಾ?

ಪ್ರಶ್ನೆ: ಡಾಕ್ಟ್ರೇ, ಮಗಳು ಬಾಣಂತನಕ್ಕೆ ನಮ್ಮ ಮನೆಗೆ ಬಂದಿದ್ದಾಳೆ. ಕೂಸಿಗೆ 5 ವಾರ. ನನಗೆ ಎರಡು ವಾರದಿಂದ ಕೆಮ್ಮು, ರಾತ್ರಿ ಜಾಸ್ತಿ. ಕೆಮ್ಮಿ ಕೆಮ್ಮಿ ವಾಂತಿಯಾಗುತ್ತದೆ. ನಾಯಿಕೆಮ್ಮು ಇರಬಹುದು ಅಂದರು ಇಲ್ಲಿಯ ಡಾಕ್ಟರು. ಲಸಿಕೆ ಹಾಕಿಸಿಕೊಂಡ ಮಕ್ಕಳಿಂದಲೇ ಇದು ಹರಡುತ್ತದೆ ಅಂತಾರೆ ಪಕ್ಕದ ಮನೆಯವರು. ಕೂಸಿಗೆ ಲಸಿಕೆ ಹಾಕಿಸಲೋ ಬೇಡವೋ?
– ಓದುಗರೊಬ್ಬರು, ರಾಣೆಬೆನ್ನೂರು

ಉತ್ತರ: ಹಾಕಿಸಲೇಬೇಕು ತಾಯಿ. 6 ವಾರ ತುಂಬುತ್ತಿದ್ದಂತೆ ತಾಯಿ ಕಾರ್ಡ್ ಹಿಡಿದು ಹೋಗಿಬಿಡಿ. ಆಮೇಲೆ 10 ಮತ್ತು 14ನೇ ವಾರಕ್ಕೆ. ಸರ್ಕಾರಿ ಆಸ್ಪತ್ರೆಯ ಪೆಂಟಾವೇಲೆಂಟ್ (ಐದು ರೋಗಗಳಿಗೆ ಒಂದೇ) ಲಸಿಕೆಯಲ್ಲಿ ಇರುವುದು ನಾಯಿಕೆಮ್ಮಿನ ಸತ್ತ ರೋಗಾಣು. ಅದರಿಂದ ನಾಯಿಕೆಮ್ಮು ಬರುವುದೂ ಇಲ್ಲ, ಹರಡುವುದೂ ಇಲ್ಲ.

ಪಕ್ಕದ ಮನೆಯವರ ಮಾತಿಗೆ ಒಂದು ಎಳೆ ಸತ್ಯ ಇದೆ, ಅದನ್ನೂ ಹೇಳುತ್ತೇನೆ. ಈ ಲಸಿಕೆಯ ಬಲ ಕೆಲವು ವರ್ಷಗಳಲ್ಲಿ ಇಳಿಯುತ್ತದೆ. ಖಾಸಗಿಯಲ್ಲಿ ಸಿಗುವ ‘ಪೇನ್‌ಲೆಸ್’ ಇಂಜೆಕ್ಷನ್‌ನಲ್ಲಿ ರೋಗಾಣುವಿನ ಕೆಲವು ಭಾಗಗಳಷ್ಟೇ ಇರುತ್ತವೆ. ಜ್ವರ ಕಡಿಮೆ, ಆದರೆ ಬಲ ಬೇಗ ಇಳಿಯುತ್ತದೆ. 2013ರಲ್ಲಿ ಅಮೆರಿಕದಲ್ಲಿ ಬಬೂನ್ ಕೋತಿಗಳ ಮೇಲೆ ನೋಡಿದರು. ಈ ‘ಪೇನ್‌ಲೆಸ್’ ಬಗೆಯ ಲಸಿಕೆ ಪಡೆದವು ಕಾಯಿಲೆ ಬೀಳಲಿಲ್ಲ, ಆದರೂ ಗಂಟಲಲ್ಲಿ ರೋಗಾಣು ವಾರಗಟ್ಟಲೆ ಉಳಿದು ಬೇರೆ ಕೋತಿಗೆ ದಾಟಿತು. ಅಂದರೆ ಸುತ್ತಲಿನವರ ಲಸಿಕೆಯನ್ನೇ ನಂಬಿ ಕೂರುವಂತಿಲ್ಲ. ಕೂಸಿಗೆ ಅದರದೇ ಲಸಿಕೆ ಬೇಕು. 16–24 ತಿಂಗಳಿಗೆ, ಮತ್ತೆ 5 ವರ್ಷಕ್ಕೆ ಬೂಸ್ಟರ್ ಕೊಡುವುದೂ ಬಲ ಇಳಿಯುತ್ತದೆ ಅಂತಲೇ.

ನನಗೆ ಹೆದರಿಕೆ ಇರುವುದು ಈ ಒಂದು ವಾರದ್ದು. ಹುಬ್ಬಳ್ಳಿಯಲ್ಲಿ ನನ್ನ ಹತ್ತಿರ ಬಂದ ಒಂದು ಎಳೆಕೂಸು ಸರಿಯಾಗಿ ಕೆಮ್ಮುತ್ತಲೂ ಇರಲಿಲ್ಲ. ಹಾಲು ಕುಡಿಯುತ್ತಾ ಕುಡಿಯುತ್ತಾ ಉಸಿರು ನಿಲ್ಲುತ್ತಿತ್ತು, ತುಟಿಯ ಸುತ್ತ ನೀಲಿಗಟ್ಟುತ್ತಿತ್ತು. ಬಾಗಿಲ ಹತ್ತಿರ ನಿಂತಿದ್ದ ಅಪ್ಪ ಕೆಮ್ಮುತ್ತಲೇ ಇದ್ದ. ‘ಸುಮ್ನೆ ಧೂಳಿನ ಕೆಮ್ಮು’ ಅಂದ. ಎಳೆಕೂಸುಗಳಿಗೆ ಇದು ಬರುವುದು ಹೆಚ್ಚಾಗಿ ಹೀಗೇ, ಮನೆಯ ದೊಡ್ಡವರ ಕೆಮ್ಮಿನಿಂದ.

ಹಾಗಾಗಿ ಇವತ್ತೇ ಡಾಕ್ಟರ ಹತ್ತಿರ ಅಜಿಥ್ರೊಮೈಸಿನ್ ಬಗ್ಗೆ ಕೇಳಿ. ಸರಿಯಾದ ಆ್ಯಂಟಿಬಯೋಟಿಕ್ ಶುರುಮಾಡಿ 5 ದಿನ ಆಗುವ ತನಕ ಕೂಸನ್ನು ಎತ್ತಿಕೊಳ್ಳಬೇಡಿ, ಬೇರೆ ಕೋಣೆಯಲ್ಲಿ ಮಲಗಿ. ಎರೆಯುವ ಕೆಲಸ ಬೇರೆಯವರು ಮಾಡಲಿ. ಶುಂಠಿ ಕಷಾಯ ಕುಡಿಯಿರಿ, ಗಂಟಲಿಗೆ ಹಿತ, ಆದರೆ ಹರಡುವುದು ಅದರಿಂದ ನಿಲ್ಲದು. ಮಗಳಿಗೂ ಕೂಸಿಗೂ ಮುಂಜಾಗ್ರತೆಯ ಔಷಧಿ ಬೇಕಾಗಬಹುದು, ಇಬ್ಬರನ್ನೂ ಇವತ್ತೇ ತೋರಿಸಿ. ಎದೆಹಾಲು ನಿಲ್ಲಿಸಬೇಡಿ.

ನಿಮ್ಮ ಬಳಗದಲ್ಲಿ ಬಸುರಿಯರಿದ್ದರೆ ಒಂದು ಮಾತು ತಿಳಿಸಿ. ಸರ್ಕಾರಿ ಆಸ್ಪತ್ರೆಯಲ್ಲಿ ಅವರಿಗೆ ಕೊಡುವ ಟಿಡಿ (ಧನುರ್ವಾಯು, ಡಿಫ್ತೀರಿಯಾ) ಇಂಜೆಕ್ಷನ್‌ನಲ್ಲಿ ನಾಯಿಕೆಮ್ಮಿನ ಭಾಗ ಇಲ್ಲ. ಬಸುರಿನ 27ರಿಂದ 36ನೇ ವಾರದೊಳಗೆ, ನಾಯಿಕೆಮ್ಮಿನ ಭಾಗವೂ ಇರುವ ಟಿಡ್ಯಾಪ್ ಹಾಕಿಸಿಕೊಂಡರೆ ಹುಟ್ಟುವ ಕೂಸಿಗೆ ಮೊದಲ ತಿಂಗಳುಗಳಲ್ಲಿ ರಕ್ಷಣೆ ಇರುತ್ತದೆ. ಅದು ಖಾಸಗಿಯಲ್ಲಿ ಸಿಗುತ್ತದೆ.

ಕೂಸು ಹಾಲು ಬಿಟ್ಟರೆ, ಉಸಿರು ತಡೆದರೆ, ಮುಖ ನೀಲಿಯಾದರೆ ನಡುರಾತ್ರಿಯಾದರೂ ಸರಿ, 108ಕ್ಕೆ ಫೋನ್ ಮಾಡಿ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿ.