ಸವೆದ ರೋಮನ್ ನಾಣ್ಯಗಳನ್ನು ಯಾವುದರಿಂದ ತೊಳೆದರೆ ಚಕ್ರವರ್ತಿಯ ಹೆಸರು ಓದಬಹುದು?

ಯಾವುದರಿಂದಲೂ ತೊಳೆಯಬೇಡಿ. ಇಂಗ್ಲೆಂಡಿನ ನಾಣ್ಯಮೇಳದಲ್ಲಿ ಕೊಂಡ ಒಂದು ಹಿಡಿ ತಾಮ್ರದ ನಾಣ್ಯಗಳು, ಹೆಚ್ಚಿನವು ಉಗುರಿನಗಲ, ಒಂದು ಮಾತ್ರ ದೊಡ್ಡದು, ಅಕ್ಷರ ಕಾಣುತ್ತಿಲ್ಲ ಎಂದಿದ್ದೀರಿ. ಇದೇ ರಾಶಿ ಮುಂದಿಟ್ಟುಕೊಂಡು ಇದೇ ಪ್ರಶ್ನೆ ಹೊತ್ತು ನಾನೂ ಕೂತಿದ್ದೆ. ಕೇಳಲು ಯಾರೂ ಇರಲಿಲ್ಲ.

ಆಗ ಕೆಲಸದ ಮೇಲೆ ಲಂಡನ್ನಿನಲ್ಲಿದ್ದೆ. ನನ್ನ ರಾಶಿಯಲ್ಲಿ ಒಂದು ನಾಣ್ಯ ಬೇರೆಯವಕ್ಕಿಂತ ದಪ್ಪಗಿತ್ತು. ಒಂದು ಬದಿಗೆ ಕಿರಣಗಳ ಕಿರೀಟ ತೊಟ್ಟ ತಲೆ, ಇನ್ನೊಂದು ಬದಿಗೆ ಕೈಯಲ್ಲಿ ಕೊಂಬೆ ಹಿಡಿದು ನಿಂತ ಹೆಣ್ಣು, ಅಂಚಿನಲ್ಲಿ ಅಕ್ಷರಗಳ ನೆರಳು. ಊರಲ್ಲಿ ಅಮ್ಮ ಹಿತ್ತಾಳೆ ಚೊಂಬು ಬೆಳಗುತ್ತಿದ್ದ ಹಾಗೆ ಹುಣಸೆಹಣ್ಣು, ಉಪ್ಪು ಹಚ್ಚಿ ತಿಕ್ಕಿದೆ. ಹಸಿರು ಬಿಟ್ಟು ತಾಮ್ರ ಕೆಂಪಗೆ ಹೊಳೆಯಿತು. ಅಕ್ಷರಗಳೂ ಹೋದವು.

ಯಾಕೆ ಹೋದವು ಎಂಬುದನ್ನು ಬಿಡಿಸಿ ಹೇಳುತ್ತೇನೆ, ದಯವಿಟ್ಟು ಪೂರ್ತಿ ಓದಿ. ಹದಿನೇಳು ಶತಮಾನ ಮಣ್ಣಲ್ಲಿದ್ದ ತಾಮ್ರದ ಮೇಲ್ಮೈ ತಾಮ್ರವಾಗಿ ಉಳಿದಿರುವುದಿಲ್ಲ. ಒಳಪದರ ಕೆಂಪು ಆಕ್ಸೈಡ್, ಹೊರಪದರ ಹಸಿರು ಕಾರ್ಬೊನೇಟ್ ಆಗಿರುತ್ತದೆ. ಟಂಕಸಾಲೆಯ ಅಚ್ಚು ಮೂಡಿಸಿದ ಗೆರೆ ಎಷ್ಟೋ ಸಲ ಲೋಹದಲ್ಲಿ ಉಳಿದಿರುವುದಿಲ್ಲ, ಈ ಪದರಗಳಲ್ಲೇ ಉಳಿದಿರುತ್ತದೆ. ನಾವು ಕಿಲುಬು ಎಂದು ಉಜ್ಜಿ ತೆಗೆಯುವುದೇ ನಾಣ್ಯದ ಮುಖ. ಹುಳಿ ಅದನ್ನು ಕರಗಿಸಿಬಿಡುತ್ತದೆ. ಉಪ್ಪಿನ ಕ್ಲೋರೈಡ್ ಉಳಿದ ಲೋಹದೊಳಗೆ ಸೇರಿಕೊಂಡು ಆಮೇಲೂ ತಿನ್ನುತ್ತಲೇ ಇರುತ್ತದೆ. ನಿಂಬೆ, ವಿನೆಗರ್ ಎಲ್ಲದರ ಕಥೆಯೂ ಇದೇ.

ತಿಕ್ಕುವ ಮೊದಲು ತೆಗೆದ ಒಂದು ಮಸುಕು ಫೋಟೊ ನನ್ನಲ್ಲಿತ್ತು. ಅದನ್ನು ಮುಂದೆ ಪುಸ್ತಕಗಳ ಚಿತ್ರಗಳ ಜೊತೆ ಹೋಲಿಸಿದಾಗ ಆ ಹೆಣ್ಣು ಪಾಕ್ಸ್, ರೋಮನ್ನರ ಶಾಂತಿದೇವತೆ ಎಂದು ತಿಳಿಯಿತು. ಬ್ರಿಟನ್ನನ್ನು ರೋಮಿನಿಂದ ಬೇರ್ಪಡಿಸಿ ಕ್ರಿ.ಶ. 286ರಿಂದ 293ರವರೆಗೆ ಆಳಿದ ಕರೌಸಿಯಸ್‌ನ ನಾಣ್ಯವಿರಬೇಕು. ಇಲ್ಲವೇ ಅವನನ್ನು ಕೊಲ್ಲಿಸಿ 296ರವರೆಗೆ ಆಳಿದ ಅಲೆಕ್ಟಸ್‌ನದು. ಇಬ್ಬರೂ ಇದೇ ಪಾಕ್ಸ್‌ಳನ್ನು ಅಚ್ಚು ಹಾಕಿಸಿದ್ದರು. ಕರೌಸಿಯಸ್‌ನದು ದಪ್ಪ ಕತ್ತು, ಅದೊಂದು ಕಂಡರೂ ಸಾಕಿತ್ತು. ಹೆಸರಿನ ಎರಡಕ್ಷರ ಉಳಿದಿದ್ದರೂ ನಡೆಯುತ್ತಿತ್ತು, ಅವಳ ಕಾಲಡಿಯ ಟಂಕಸಾಲೆಯ ಗುರುತೂ ಸ್ವಲ್ಪ ನೆರವಾಗುತ್ತಿತ್ತು. ಒಂದೂ ಉಳಿಯಲಿಲ್ಲ. ಇಷ್ಟು ವರ್ಷವಾದರೂ ಅದನ್ನು ಕೈಗೆತ್ತಿಕೊಂಡರೆ ಹೊಟ್ಟೆ ಉರಿಯುತ್ತದೆ.

ಇನ್ನು ನಿಮ್ಮ ಪ್ರಶ್ನೆ. ಹೆಸರು ಓದಿದರೆ ಮಾತ್ರ ನಾಣ್ಯ ಗುರುತಿಸಿದ ಹಾಗೆ ಎಂಬ ನಂಬಿಕೆಯನ್ನೇ ನಾನು ಒಪ್ಪುವುದಿಲ್ಲ. ನಾಲ್ಕನೆಯ ಶತಮಾನದ ಸಣ್ಣ ತಾಮ್ರದ ನಾಣ್ಯಗಳ ಮೇಲೆ ಚಕ್ರವರ್ತಿ ಕಾನ್‌ಸ್ಟಂಟೈನ್‌ನ ಮೂವರು ಮಕ್ಕಳ ಮುಖ ಹೆಚ್ಚುಕಡಿಮೆ ಒಂದೇ. ಅಕ್ಷರ ಸವೆದ ಮೇಲೆ ಪಂಡಿತರಿಗೂ ಅವರನ್ನು ಬೇರ್ಪಡಿಸಲಾಗುವುದಿಲ್ಲ. ‘ಕಾನ್‌ಸ್ಟಂಟೈನ್ ಮನೆತನ’ ಎಂದಷ್ಟೇ ಬರೆದುಕೊಳ್ಳುತ್ತಾರೆ, ಅದು ಪೂರ್ಣ ಉತ್ತರವೇ. ರಿಚರ್ಡ್ ರೀಸ್ ಎಂಬ ವಿದ್ವಾಂಸರು ರೋಮನ್ ಬ್ರಿಟನ್ನಿನ ನಾಣ್ಯಗಳಿಗೆ 21 ಕಾಲಘಟ್ಟ ಮಾಡಿಕೊಟ್ಟಿದ್ದಾರೆ. ಹೆಸರಿಲ್ಲದ ನಾಣ್ಯವೂ ಅದರಲ್ಲೊಂದಕ್ಕೆ ಸೇರುತ್ತದೆ.

ಹಾಗಾಗಿ ಮುಖ ಬಿಟ್ಟು ಹಿಂಬದಿ ನೋಡಿ. ಅಕ್ಷರ ಅಳಿಸಿದರೂ ಆಕೃತಿ ಉಳಿಯುತ್ತದೆ. ಕೋಣೆ ಕತ್ತಲು ಮಾಡಿ, ಟಾರ್ಚನ್ನು ಮೇಜಿನ ಮಟ್ಟಕ್ಕೆ ಹಿಡಿದು, ಓರೆ ಬೆಳಕಿನಲ್ಲಿ ನಾಣ್ಯವನ್ನು ತಿರುಗಿಸುತ್ತಾ ಫೋಟೊ ತೆಗೆಯಿರಿ. ಇಬ್ಬರು ಸೈನಿಕರ ನಡುವೆ ಎರಡು ಧ್ವಜದಂಡ ಕಂಡರೆ ಅದು 330ರಿಂದ 335ರ ಸುಮಾರಿನದು. ಒಂದೇ ದಂಡವಿದ್ದರೆ ಅಲ್ಲಿಂದ 341ರೊಳಗಿನದು. ಅವಳಿ ಮಕ್ಕಳಿಗೆ ಹಾಲೂಡಿಸುವ ತೋಳ 330ರ ನಂತರದ್ದು. ಕುದುರೆಯಿಂದ ಬೀಳುತ್ತಿರುವವನನ್ನು ಸೈನಿಕ ಈಟಿಯಿಂದ ತಿವಿಯುತ್ತಿದ್ದರೆ 348ರ ನಂತರದ್ದು, ಬಹುಪಾಲು ಆ ಮೂವರಲ್ಲೊಬ್ಬನಾದ ಎರಡನೇ ಕಾನ್‌ಸ್ಟಾಂಟಿಯಸ್‌ನ ಕಾಲದ್ದು. ಮೇಳದ ರಾಶಿಗಳಲ್ಲಿ ಇವೇ ಧಾರಾಳ.

ಮಣ್ಣು ಅಂಟಿದ್ದರೆ ಡಿಸ್ಟಿಲ್ಡ್ ನೀರಲ್ಲಿ ನೆನೆಹಾಕಿ, ನೀರು ಬದಲಿಸುತ್ತಾ, ಹಲ್ಲುಕಡ್ಡಿಯಿಂದ ಮೆಲ್ಲಗೆ ಬಿಡಿಸಿ. ಅಷ್ಟೇ ಸಾಕು. ತಿಳಿಹಸಿರು ಪುಡಿ ಉದುರುತ್ತಿರುವ ನಾಣ್ಯವಿದ್ದರೆ ಮಾತ್ರ ತಕ್ಷಣ ಬೇರೆ ತೆಗೆದು ಒಣಡಬ್ಬಿಯಲ್ಲಿಡಿ. ಅದು ಕ್ಲೋರೈಡಿನ ರೋಗ, ಅದರ ಚಿಕಿತ್ಸೆಯೇ ಬೇರೆ.

ಚಂದ್ರವಳ್ಳಿಯಲ್ಲಿ ಸಿಕ್ಕಂತೆ ರೋಮನ್ ಚಕ್ರವರ್ತಿ ತಿಬೇರಿಯಸ್‌ನ ಕಾಲದವಿರಬಹುದೇ ಎಂದೂ ಕೇಳಿದ್ದೀರಿ. ಚಿತ್ರದುರ್ಗದ ಆ ನಾಣ್ಯಗಳು ಬೆಳ್ಳಿಯ ದಿನಾರಿಯಸ್‌ಗಳು, ತಿಬೇರಿಯಸ್ ಆಳಿದ್ದು 14ರಿಂದ 37ರವರೆಗೆ. ನಿಮ್ಮ ಉಗುರಿನಗಲದ ತಾಮ್ರ ಬಹುತೇಕ ಮುನ್ನೂರು ವರ್ಷ ಈಚಿನದು. ಅದಕ್ಕೆ ಹತ್ತಿರದ ನಂಟು ಬೇಕೆಂದರೆ ತಮಿಳುನಾಡಿನ ಕರೂರು, ಮದುರೆ ಕಡೆ ನೋಡಿ. ಅಲ್ಲಿ ಇದೇ ಕಾಲದ ರೋಮನ್ ತಾಮ್ರ ಸಿಕ್ಕಿದೆ, ಬಹಳಷ್ಟು ನಿಮ್ಮವುಗಳಷ್ಟೇ ಸವೆದಿದೆ.

ದೊಡ್ಡದನ್ನು ಚಿನ್ನದಂಗಡಿಯ ತಕ್ಕಡಿಯಲ್ಲಿ ತೂಗಿಸಿ. 25 ಗ್ರಾಂ ಹತ್ತಿರವಿದ್ದರೆ ಸೆಸ್ಟರ್ಷಿಯಸ್ ಎಂಬ ದೊಡ್ಡ ನಾಣ್ಯ ಇರಬಹುದು, ಮೊದಲ ಮೂರು ಶತಮಾನಗಳದ್ದು. 10 ಗ್ರಾಂ ಸುಮಾರಿದ್ದರೆ ಹಳೆಯ ಕಾಲದ ‘ಆಸ್’ ಎಂಬ ತಾಮ್ರದ ನಾಣ್ಯ ಇರಬಹುದು, ಇಲ್ಲವೇ ಚಕ್ರವರ್ತಿ ಡಯೊಕ್ಲೀಷಿಯನ್ 294ರ ಹೊತ್ತಿಗೆ ಹೊಸದಾಗಿ ತಂದ ನಾಣ್ಯವಿರಬಹುದು. ತೂಕದ ಜೊತೆ ಎರಡೂ ಬದಿಯ ಓರೆಬೆಳಕಿನ ಫೋಟೊ ಇಲ್ಲಿ ಹಾಕಿ, ಇವುಗಳಲ್ಲಿ ಯಾವುದೆಂದು ನೋಡಿ ಹೇಳುತ್ತೇನೆ.