ಸೆನ್ಸರ್ ನೆಟ್‌ವರ್ಕಲ್ಲಿ ಬ್ಯಾಟರಿ ತಿನ್ನದೆ ಡಿಲೇ ಕಮ್ಮಿ ಮಾಡೋದು ಹೇಗೆ?

ನಿಮ್ಮ ಸೆಟಪ್ ನನಗೆ ಅರ್ಥ ಆಗಿದ್ದು ಹಿಂಗೆ: ಕಾಂಟಿಕಿ-ಎನ್‌ಜಿ (ಸೆನ್ಸರ್ ಬೋರ್ಡಿನ ಆಪರೇಟಿಂಗ್ ಸಿಸ್ಟಂ) ಮೇಲೆ ಟಿಎಸ್‌ಸಿಎಚ್ (ಟೈಮನ್ನ ಸ್ಲಾಟ್‌ಗಳಾಗಿ ಹಂಚಿ, ತಂತಮ್ಮ ಸ್ಲಾಟಲ್ಲಿ ಮಾತ್ರ ರೇಡಿಯೋ ಎಬ್ಬಿಸೋ ಪದ್ಧತಿ), 30 ನೋಡ್ (ಸೆನ್ಸರ್ ಬೋರ್ಡು), ದೂರದ್ದು 5 ಹಾಪ್ (ನೋಡಿಂದ ನೋಡಿಗೆ ಒಂದೊಂದು ಜಿಗಿತ), ಸ್ಲಾಟ್‌ಫ್ರೇಮಿಗೆ (ಸ್ಲಾಟ್‌ಗಳ ಒಂದು ಸುತ್ತಿಗೆ) 101 ಸ್ಲಾಟು, ಗ್ಯಾಸ್ ಅಲಾರಂ ಪ್ಯಾಕೆಟ್ ರೂಟ್ (ಎಲ್ಲಾ ಡೇಟಾ ಬಂದು ಸೇರೋ ನೋಡ್) ತಲುಪೋಕೆ ಮೂರ್ನಾಲ್ಕು ಸೆಕೆಂಡ್, ಸ್ಲಾಟ್ ಜಾಸ್ತಿ ಕೊಟ್ರೆ ಬ್ಯಾಟರಿ ಹೋಗುತ್ತೆ ಅನ್ನೋ ಭಯ. ಸ್ಲಾಟ್ ಜಾಸ್ತಿ ಮಾಡೋ ವಿಚಾರ ಆಮೇಲೆ, ಮೊದಲು ಇರೋ ಸ್ಲಾಟ್‌ಗಳು ಯಾವ ಆರ್ಡರಲ್ಲಿವೆ ನೋಡಿ.

ಈ ನೋಡ್‌ಗಳ 802.15.4 (ಕಮ್ಮಿ ಪವರಿನ ವೈರ್‌ಲೆಸ್ ಸ್ಟ್ಯಾಂಡರ್ಡ್) ರೇಡಿಯೋ 2.4 ಗಿಗಾಹರ್ಟ್ಸಲ್ಲಿ ಸೆಕೆಂಡಿಗೆ 250 ಕಿಲೋಬಿಟ್ ಕಳಿಸುತ್ತೆ, ಅಂದ್ರೆ 127 ಬೈಟಿನ ಫುಲ್ ಫ್ರೇಮ್ (ಪ್ಯಾಕೆಟ್) ಕೂಡ ಗಾಳೀಲಿ ಇರೋದು ನಾಲ್ಕೂಕಾಲು ಮಿಲಿಸೆಕೆಂಡು, ಐದು ಹಾಪ್ ಸೇರಿಸಿದ್ರೂ 22 ದಾಟಲ್ಲ. ಮಿಕ್ಕಿದ್ದೆಲ್ಲಾ ಕಾಯೋ ಟೈಮೇ. ಅರಸೀಕೆರೇಲಿ ಇಳಿಯೋ ಹೊತ್ತಿಗೆ ಮುಂದಿನ ಬಸ್ಸು ಈಗ ತಾನೇ ಹೊರಟೋಗಿರುತ್ತಲ್ಲ, ಅದೇ ಕಥೆ ಪ್ರತೀ ಹಾಪಲ್ಲೂ.

ಸ್ಲಾಟು 10 ಮಿಲಿಸೆಕೆಂಡಿಂದು ಅಂತಿಟ್ಕೊಳ್ಳಿ. ದೂರದ ನೋಡ್ ಸ್ಲಾಟ್ 80ರಲ್ಲಿ ಕಳಿಸುತ್ತೆ, ಅದರ ಪೇರೆಂಟ್ (ರೂಟ್ ಕಡೆಗಿನ ಮುಂದಿನ ನೋಡ್) 61ರಲ್ಲಿ, ಅದರ ಮೇಲಿನದು 42ರಲ್ಲಿ, ಆಮೇಲೆ 23, ಆಮೇಲೆ 4. 80ರಲ್ಲಿ ಬಂದ ಪ್ಯಾಕೆಟ್‌ಗೆ ಈ ಸುತ್ತಿನ 61 ಮುಗಿದೇ ಹೋಗಿದೆ, ಮುಂದಿನ ಸುತ್ತಿನ ತನಕ 82 ಸ್ಲಾಟ್ ಕೂತಿರ್ಬೇಕು, ಹಿಂಗೆ ನಾಲ್ಕು ಸಲ, ಒಟ್ಟು 3.29 ಸೆಕೆಂಡ್. ಅದನ್ನೇ 20, 21, 22, 23, 24 ಅಂತ ಜೋಡಿಸಿ, 50 ಮಿಲಿಸೆಕೆಂಡಲ್ಲಿ ರೂಟಲ್ಲಿರುತ್ತೆ. ಎದ್ದಿರೋ ಸ್ಲಾಟ್‌ಗಳ ಸಂಖ್ಯೆ ಅಷ್ಟೇ, ಹಾಗಾಗಿ ಬ್ಯಾಟರಿ ಖರ್ಚೂ ಅಷ್ಟೇ! ಇದು ಹೊಸ ಐಡಿಯಾ ಏನಲ್ಲ, 2004ರಲ್ಲೇ ಡಿ-ಮ್ಯಾಕ್ ಪ್ರೋಟೋಕಾಲಲ್ಲಿ ಇದೇ ಮೆಟ್ಟಿಲು ಮೆಟ್ಟಿಲಾಗಿ ಎಬ್ಬಿಸೋ ಕ್ರಮ ಇತ್ತು. ನೀವು ಆರ್ಕೆಸ್ಟ್ರಾ (ಕಾಂಟಿಕಿ-ಎನ್‌ಜಿಯಲ್ಲೇ ಇರೋ ಸ್ಲಾಟ್ ಹಂಚೋ ವ್ಯವಸ್ಥೆ) ಹಾಕಿದ್ರೆ ಅದು ನೋಡ್ ಅಡ್ರೆಸ್ ಹ್ಯಾಶ್ ಮಾಡಿ (ಅಡ್ರೆಸ್ಸಿಂದ ಒಂದು ನಂಬರ್ ಲೆಕ್ಕ ಹಾಕಿ) ಸ್ಲಾಟ್ ಹಂಚುತ್ತೆ, ಸೆಟಪ್ ಸುಲಭ ನಿಜ, ಆದ್ರೆ ಆರ್ಡರ್ ಅದೃಷ್ಟಕ್ಕೆ ಬಿಟ್ಟಿದ್ದು. ಹಾಂ, ಪ್ಯಾಕೆಟ್ ಹುಟ್ಟಿದ ಮೇಲೆ ಮೊದಲ ಸ್ಲಾಟಿಗೆ ಕಾಯೋದು ಮಾತ್ರ ತಪ್ಪಲ್ಲ, ಸರಾಸರಿ ಅರ್ಧ ಸೆಕೆಂಡ್, ಅದು ಕಮ್ಮಿ ಆಗ್ಬೇಕಂದ್ರೆ ಸ್ಲಾಟ್‌ಫ್ರೇಮೇ ಚಿಕ್ಕದು ಮಾಡ್ಬೇಕು, ಅಲ್ಲಿ ಬ್ಯಾಟರಿ ಕೊಡಲೇಬೇಕಾಗುತ್ತೆ.

ಕಾಂಟಿಕಿಯ ಸಿಮ್ಯುಲೇಟರ್ ಕೂಜಾದಲ್ಲಿ ಟೆಸ್ಟ್ ಮಾಡೋದಾದ್ರೆ, ಅದು ಒಂದು ಕಡೆ ಮೋಸ ಮಾಡುತ್ತೆ, ಹುಷಾರು. ಕೂಜಾ ಮೋಟ್‌ಗಳಲ್ಲಿ (ಅದರೊಳಗಿನ ನಕಲಿ ನೋಡ್‌ಗಳಲ್ಲಿ) ಸಿಪಿಯು ಕೆಲಸಕ್ಕೆ ಸಿಮ್ಯುಲೇಶನ್ ಟೈಮೇ ಖರ್ಚಾಗಲ್ಲ, ಅದಕ್ಕೆ 20ರಲ್ಲಿ ಬಂದಿದ್ದು 21ರಲ್ಲಿ ಆರಾಮಾಗಿ ಹೊರಡುತ್ತೆ. ನಿಜವಾದ ಬೋರ್ಡಲ್ಲಿ ಪ್ಯಾಕೆಟ್ ಐಪಿ ಲೇಯರ್ (ಮುಂದಿನ ದಾರಿ ನೋಡೋ ಸಾಫ್ಟ್‌ವೇರ್ ಪದರ) ತನಕ ಹೋಗಿ ಮತ್ತೆ ಕ್ಯೂಗೆ ಬರೋಷ್ಟರಲ್ಲಿ 21 ತಪ್ಪಿಹೋಗ್ಬಹುದು, ತಪ್ಪಿದ್ರೆ ಮತ್ತೆ 1.01 ಸೆಕೆಂಡ್. ನಾನಾಗಿದ್ರೆ ಮಧ್ಯೆ ಒಂದು ಸ್ಲಾಟ್ ಖಾಲಿ ಬಿಡ್ತೀನಿ.

ಇನ್ನು ಪ್ಯಾಕೆಟ್ ಲಾಸ್. ಲಿಂಕ್ 90% (ಹತ್ತು ಪ್ಯಾಕೆಟಲ್ಲಿ ಒಂಬತ್ತು ತಲುಪುತ್ತೆ) ಅಂದ್ರೆ ಚೆನ್ನಾಗಿದೆ ಅನ್ಸುತ್ತೆ, ಆದ್ರೆ ಐದು ಹಾಪೂ ಮೊದಲ ಏಟಿಗೇ ದಾಟೋದು 59% ಮಾತ್ರ, ಮಿಕ್ಕವಕ್ಕೆ ಇಡೀ ಸುತ್ತು ದಂಡ. ಸ್ಲಾಟ್ ಜಾಸ್ತಿ ಕೊಡೋದಾದ್ರೆ ಇಲ್ಲಿ ಕೊಡಿ: ಪ್ರತೀ ಹಾಪಿಗೆ ಇನ್ನೊಂದು ಸೆಲ್ (ಆ ಹಾಪಿಗೇ ಮೀಸಲಾದ ಸ್ಲಾಟು), ಮುಂದಿನ ಹಾಪಿನ ಸೆಲ್ ಬರೋದಕ್ಕೆ ಮುಂಚೇನೇ, ಆಗ 95% ಒಂದೇ ಸುತ್ತಲ್ಲಿ ದಾಟುತ್ತೆ. ನೀವಂದ್ಕೊಂಡಷ್ಟು ದುಬಾರಿ ಅಲ್ಲ, ಕಳಿಸೋಕೆ ಏನೂ ಇಲ್ದಿದ್ರೆ ಕಳಿಸೋ ನೋಡ್ ಏಳೋದೇ ಇಲ್ಲ, ಕೇಳೋ ನೋಡ್ ಸ್ಟ್ಯಾಂಡರ್ಡ್ ಪ್ರಕಾರ 2.2 ಮಿಲಿಸೆಕೆಂಡ್ ಕಿವಿಗೊಟ್ಟು ಮಲಗುತ್ತೆ, ಡ್ಯೂಟಿ ಸೈಕಲ್ (ರೇಡಿಯೋ ಎದ್ದಿರೋ ಟೈಮಿನ ಪಾಲು) ಏರೋದು ಸೆಲ್ಲಿಗೆ ಸುಮಾರು 0.22%.

ಎಲ್ಲಾ ನೋಡೂ ಒಟ್ಟಿಗೆ ಕಳಿಸಿದ್ರೆ ಲೆಕ್ಕ ಬೇರೆ. ರೂಟಿಗೆ ಒಂದೇ ರೇಡಿಯೋ, 30 ಪ್ಯಾಕೆಟ್‌ಗೆ 30 ಸ್ಲಾಟ್ ಬೇಕೇ ಬೇಕು, 16 ಚಾನೆಲ್ ಇದ್ರೂ ಉಪಯೋಗ ಇಲ್ಲ. ರೂಟಿನ ಒಂದೇ ಕೊಂಬೇಲಿ 20 ನೋಡ್ ನೇತಾಕಿದ್ರೆ ಅದು 39ಕ್ಕೆ ಏರುತ್ತೆ, ಯಾಕಂದ್ರೆ ಆ ಕೊಂಬೆಯ ತಲೆ ನೋಡ್ 19 ಪ್ಯಾಕೆಟ್ ಇಸ್ಕೊಂಡು ತನ್ನದೂ ಸೇರಿ 20 ಕಳಿಸ್ಬೇಕು, ಎರಡನ್ನೂ ಒಂದೇ ಸ್ಲಾಟಲ್ಲಿ ಮಾಡೋಕಾಗಲ್ಲ. ಹತ್ತತ್ತರ ಮೂರು ಕೊಂಬೆ ಮಾಡಿ.

ನಿಮ್ಮದು ಅಲಾರಂ, ಅದಕ್ಕೆ ಇಷ್ಟೆಲ್ಲಾ. ಪಾವಗಡದ ಚೆನ್ನಕೇಶವಪುರದಲ್ಲಿ ಐಐಎಸ್‌ಸಿಯವರು ಹಿಂದೆ ಹೊಲಕ್ಕೆ ಸೆನ್ಸರ್ ಹಾಕಿದ್ರಲ್ಲ, ಅಂಥ ಮಣ್ಣಿನ ತೇವದ ಡೇಟಾ 4 ಸೆಕೆಂಡ್ ಲೇಟಾದ್ರೆ ಶೇಂಗಾ ಏನೂ ಒಣಗಲ್ಲ.

ವಾಲ್ವ್ ಬಂದ್ ಮಾಡೋ ಕಮಾಂಡ್ ರೂಟಿಂದ ಕೆಳಗೆ ಹೋಗೋದಿದ್ರೆ ಅದಕ್ಕೆ ಉಲ್ಟಾ ಆರ್ಡರಲ್ಲಿ ಬೇರೆ ಸೆಲ್ ಇಡಿ, ಮೇಲಕ್ಕೆ ಜೋಡಿಸಿದ ಆರ್ಡರನ್ನೇ ಕೆಳಕ್ಕೂ ಇಟ್ರೆ ಹಾಪಿಗೊಂದು ಸುತ್ತು ಹೋಗುತ್ತೆ. ಆರ್‌ಪಿಎಲ್ (ದಾರಿ ಆರಿಸೋ ಪ್ರೋಟೋಕಾಲ್) ಪೇರೆಂಟ್ ಬದಲಾಯಿಸಿದಾಗಲೂ ಜೋಡಣೆ ಕೆಡುತ್ತೆ, ಆ ನೋಡಿನ ಸೆಲ್‌ಗಳನ್ನ ಹೊಸದಾಗಿ ಹಾಕ್ಬೇಕು. ಸದ್ಯಕ್ಕೆ ಪ್ರತೀ ನೋಡಲ್ಲೂ ಪ್ಯಾಕೆಟ್ ಬಂದಾಗಿನ, ಹೋದಾಗಿನ ಎಎಸ್‌ಎನ್ (ನೆಟ್‌ವರ್ಕ್ ಶುರುವಾದಾಗಿಂದ ಎಣಿಸಿದ ಸ್ಲಾಟ್ ನಂಬರ್) ಪ್ರಿಂಟ್ ಮಾಡಿಸಿ ಇಲ್ಲಿ ಹಾಕಿ, ಯಾವ ಹಾಪಲ್ಲಿ ಕೂತಿದೆ ಅಂತ ನೋಡೋಣ.